ಗೋಡೆಯ ಮೇಲೆ ಕಾಕು ಇರಲಿಲ್ಲ

ನನ್ನ ಚಿತ್ರ ಚೆನ್ನಾಗಿಲ್ಲ ಎಂದು ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತದೆ. ಆದರೆ ನೋಡದೆಯೇ ಹೋದರೆ ತಲೆಯಲ್ಲಿ ಹುಳ ಬಿಟ್ಟಂತಾಗುತ್ತದೆ. ಇಳಕಲ್ಲಿನಲ್ಲಿ ಆದದ್ದು ಎರಡನೆಯದು.

ನಾನು ಬಾಗಲಕೋಟೆಯಲ್ಲಿ ಡ್ರಾಯಿಂಗ್ ಟೀಚರ್. ರಜೆ ಬಂತೆಂದರೆ ಗೋಡೆಗಳ ಮೇಲೆ ಚಿತ್ರ ಬರೆಯುವ ಹುಚ್ಚು. ಬಾದಾಮಿಯಲ್ಲಿ ಮಂಗಗಳನ್ನು, ಹುನಗುಂದದಲ್ಲಿ ಜೋಳದ ಹೊಲವನ್ನು ಬರೆದಾಗಿತ್ತು. ಇಳಕಲ್ಲಿನ ಒಂದು ಓಣಿಯ ಹಿರಿಯರು ತಮ್ಮ ಶಾಲೆಯ ಕಂಪೌಂಡಿಗೆ ಮಗ್ಗದ ಚಿತ್ರ ಬೇಕೆಂದು ಕರೆದಾಗ ಹಿಂದೆಮುಂದೆ ನೋಡದೆ ಒಪ್ಪಿಕೊಂಡೆ. ಮಾದರಿಗೆಂದು ಅದೇ ಓಣಿಯ ನೇಕಾರರೊಬ್ಬರನ್ನು ತೋರಿಸಿದರು. ಅರವತ್ತು ದಾಟಿದ ಅವರನ್ನು ಕಾಕಾ ಎಂದೂ, ಅವರ ಹೆಂಡತಿಯನ್ನು ಕಾಕು ಎಂದೂ ಕರೆಯತೊಡಗಿದೆ.

ಮೂರು ದಿನ ಅವರ ಮನೆಯಲ್ಲಿ ಕುಳಿತು ಸ್ಕೆಚ್ ಮಾಡಿದೆ. ಕಾಕಾ ಮಗ್ಗದ ಕೆಳಗಿನ ಕುಣಿಯಲ್ಲಿ ಕಾಲು ಇಳಿಬಿಟ್ಟು ಲಾಳಿ ಓಡಿಸುತ್ತಿದ್ದರು. ಕಾಕು ಹೊತ್ತುಹೊತ್ತಿಗೆ ಚಹಾ ತಂದಿಡುತ್ತಿದ್ದರು.

"ಈ ಮಗ್ಗದ ಕೆಲಸಕ್ಕ ನಿಮ್ಮ ಜೋಡಿ ಮತ್ಯಾರರ ಇದ್ದಾರೇನ್ರಿ ಕಾಕಾ?" ಎಂದು ಒಮ್ಮೆ ಕೇಳಿದೆ.

"ಯಾರಿಲ್ಲವಾ, ನಾ ಒಬ್ಬನ," ಎಂದರು. ಕಾಕು ಬಾಗಿಲಲ್ಲೇ ನಿಂತಿದ್ದರು. ನಾನು ನಂಬಿ, ಹಾಗೆಯೇ ಬರೆದೆ.

ಗೋಡೆ ಮುಗಿಯುತ್ತ ಬಂದಾಗ ಇಡೀ ಓಣಿ ನೋಡಲು ಬಂತು. ಮೀಸೆ ಥೇಟ್ ಕಾಕಾನದೇ ಎಂದರು. ಕಾಕಾ ಮಾತ್ರ ಬರಲಿಲ್ಲ. ಏಣಿಯ ಮೇಲಿಂದ ನನಗೆ ಕಾಣುತ್ತಿತ್ತು: ದಿನಾ ಬೆಳಗ್ಗೆ ಮೂಲೆಯವರೆಗೆ ಬರುತ್ತಿದ್ದರು, ಗೋಡೆಯತ್ತ ಮುಖವೆತ್ತದೆ ತಿರುಗಿ ಸುತ್ತುಬಳಸಿನ ದಾರಿ ಹಿಡಿಯುತ್ತಿದ್ದರು. ಮೂಗು ಉದ್ದವಾಯಿತೇನೋ ಎಂದು ಸಣ್ಣದು ಮಾಡಿದೆ. ಮರುದಿನವೂ ಅದೇ ಸುತ್ತು. ತಡೆಯಲಾಗಲಿಲ್ಲ. ಕುಂಚ ತೊಳೆದಿಟ್ಟು ಅವರ ಮನೆಗೇ ಹೋದೆ.

ಓಣಿಯ ತುಂಬ ಮಗ್ಗಗಳ ಸದ್ದು. ಅವರ ಮನೆಯೊಂದೇ ಸುಮ್ಮನಿತ್ತು. ಕಾಕು ಕಟ್ಟೆಯ ಮೇಲೆ ಪುಂಡಿಪಲ್ಯದ ಸೊಪ್ಪು ಬಿಡಿಸುತ್ತಿದ್ದರು. ಒಳಗೆ ಕಾಕಾ ಮಗ್ಗದ ಮುಂದೆ ಕೈಕಟ್ಟಿ ಕುಳಿತಿದ್ದರು.

"ಯಾಕ್ರಿ ಕಾಕಾ, ಮಗ್ಗ ನಿಂತೈತಿ?"

"ಆಕಿನ್ನ ಕೇಳವಾ."

"ಗ್ವಾಡಿ ಮ್ಯಾಲ ಇದ್ದವ್ರನ್ನ ಕೇಳ್ರಿ," ಎಂದರು ಕಾಕು, ಕಡ್ಡಿ ಮುರಿಯುತ್ತ. "ಒಬ್ಬರ ನೇಯ್ತಾರಂತ. ಕೊಂಡೀನೂ ಒಬ್ಬರ ಹಾಕ್ಕೊಳ್ಳಲಿ."

ಇಳಕಲ್ ಸೀರೆಯಲ್ಲಿ ಒಡಲಿನ ಹಾಸು, ಎಂದರೆ ಉದ್ದನೆಯ ಎಳೆಗಳು, ಬೇರೆ; ಸೆರಗಿನ ಹಾಸು ಬೇರೆ. ಒಡಲಿನ ಒಂದೊಂದು ಎಳೆಗೂ ಸೆರಗಿನ ಕೆಂಪು ರೇಷ್ಮೆ ಎಳೆಯನ್ನು ಕುಣಿಕೆ ಮಾಡಿ ಕೈಯಿಂದಲೇ ಸೇರಿಸಬೇಕು. ಅದೇ ಕೊಂಡಿ. ಪ್ರತಿ ಸೀರೆಗೂ ಹೊಸದಾಗಿ ಹಾಕಬೇಕು, ಒಂದೆಳೆಯೂ ತಪ್ಪುವಂತಿಲ್ಲ. ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ ಅದನ್ನು ಹಾಕುತ್ತ ಬಂದವರು ಕಾಕು. ಈಗ ಅವರು ಕೈಬಿಟ್ಟಿದ್ದರಿಂದ ಸೀರೆಗೆ ಸೆರಗೂ ಇರಲಿಲ್ಲ, ಮಗ್ಗಕ್ಕೆ ಕೆಲಸವೂ ಇರಲಿಲ್ಲ.

"ಆ ಗ್ವಾಡಿ ಮುಂದ ನಿಂತರ ಸುಳ್ಳ ಹೇಳಿದಂಗ ಆಕ್ಕೈತವಾ," ಎಂದು ಕಾಕಾ ಮೆಲ್ಲಗೆ ಹೇಳಿದರು.

ನನಗೆ ನಾಚಿಕೆಯಾಯಿತು. ನಾನೂ ಹೆಂಗಸೇ. ಮೂರು ದಿನ ಆಕೆಯ ಕೈಯ ಚಹಾ ಕುಡಿದು ಆಕೆಯ ಕೈಯನ್ನೇ ನೋಡಿರಲಿಲ್ಲ. ನಾನಿದ್ದಾಗ ಕೊಂಡಿ ಹಾಕುವ ದಿನ ಬಂದಿರಲಿಲ್ಲ ಎಂಬ ನೆವವೊಂದಿತ್ತು. ಅದನ್ನು ಬದಿಗಿಟ್ಟೆ.

"ನಿಮ್ಮನ್ನೂ ಬರೀತೇನ್ರಿ ಕಾಕು," ಎಂದೆ.

"ಕನಿಕರಕ್ಕ ಬರೀಬ್ಯಾಡ್ರಿ ಅಕ್ಕೋರ. ಮೊದಲ ಕೊಂಡಿ ಹೆಂಗ ಹಾಕ್ತಾರ ಕಲೀರಿ."

ಹಳೆಯ ನೂಲು ಕೊಟ್ಟು ಎದುರಿಗೆ ಕೂರಿಸಿದರು. ಚಿತ್ರ ಬರೆಯುವ ಬೆರಳು ಎಂದು ನನಗೆ ಭಾರೀ ಜಂಬ. ಹತ್ತು ಎಳೆ ಸೇರಿಸುವಷ್ಟರಲ್ಲಿ ಮೂರು ಜಾರಿದವು.

"ಇದ ಸೀರಿ ಆಗಿದ್ರ ಉಟ್ಟಾಕಿ ಮರ್ಯಾದಿ ಹೋಗ್ತಿತ್ತ ನೋಡ್ರಿ," ಎಂದು ಕಾಕು ನಕ್ಕರು. ಒಳಗಿನಿಂದ ಕಾಕಾನೂ ನಕ್ಕರು. ಕೂಡಲೇ ಕಾಕು ನಗು ನಿಲ್ಲಿಸಿದರು. ಕಾಕಾನ ನಗುವೂ ಅಲ್ಲಿಗೇ ನಿಂತಿತು.

ಜಾಗಕ್ಕಾಗಿ ನಾನು ಪ್ರೀತಿಯಿಂದ ಬರೆದಿದ್ದ ಕಿಟಕಿ, ಗುಬ್ಬಿಗಳನ್ನೆಲ್ಲ ಅಳಿಸಿದೆ. ಚಿತ್ರದಲ್ಲಿ ಕಾಕುವನ್ನು ಮಗ್ಗದ ಮುಂದೆ ಕೂರಿಸಿದ್ದರಿಂದ ಕಾಕಾನಿಗಿಂತ ದೊಡ್ಡವರಾಗಿ ಕಂಡರು. ಕಾಕು ಎರಡು ಸಲ ಬಂದು ಬೆರಳುಗಳನ್ನು ತಿದ್ದಿಸಿದರು. ಮುಖದ ಬಗ್ಗೆ ಒಂದು ಮಾತೂ ಇಲ್ಲ. ಇಷ್ಟಾದರೂ ಅವರ ಮನೆಯ ಮಗ್ಗ ಸದ್ದು ಮಾಡಲಿಲ್ಲ. ಇನ್ನೇನು ಬೇಕ್ರಿ ಎಂದು ಕಾಕುವನ್ನು ಕೊಂಚ ಗಡುಸಾಗಿಯೇ ಕೇಳಿದೆ.

"ಗ್ವಾಡಿ ಹೇಳಿದ್ರ ಸಾಲೂದಿಲ್ರಿ. ಬಾಯಿ ಇದ್ದವ್ರು ಹೇಳಬೇಕು," ಎಂದರು.

ಕೊನೆಯ ದಿನ ನಾನು ಅಂಚಿಗೆ ಬಣ್ಣ ತುಂಬುತ್ತಿದ್ದೆ. ಸೀರೆ ಕೊಳ್ಳಲು ಪರವೂರಿನಿಂದ ಬಂದ ಒಂದು ಕುಟುಂಬ ಗೋಡೆಯ ಮುಂದೆ ನಿಂತು ಫೋಟೋ ತೆಗೆಯುತ್ತಿತ್ತು. ಶಾಲೆಯ ನಳದಡಿ ಕೊಡ ಇಟ್ಟು ಕಾಕು ಕಾಯುತ್ತಿದ್ದರು. ಮೂಲೆಯಲ್ಲಿ ಕಾಕಾ ಕಾಣಿಸಿಕೊಂಡರು. ಈಗ ತಿರುಗುತ್ತಾರೆ ಎಂದುಕೊಂಡೆ. ತಿರುಗಲಿಲ್ಲ. ನೆಟ್ಟಗೆ ಬಂದು ಗೋಡೆಯ ಮುಂದೆ ನಿಂತು ಬಹಳ ಹೊತ್ತು ನೋಡಿದರು.

ಬಂದವರಲ್ಲಿ ಒಬ್ಬಾತ ಮೀಸೆ ಗುರುತು ಹಿಡಿದ. "ಅರೇ, ಇದು ನೀವ ಅಲ್ಲೇನ್ರಿ? ಮಗ್ಗ ನಿಮ್ದೇನ್ರಿ?"

"ಮಗ್ಗ ಆಕೀದ್ರಿ," ಎಂದರು ಕಾಕಾ, ನಳದವರೆಗೂ ಕೇಳುವಷ್ಟು ಜೋರಾಗಿ. "ಆಕಿ ಕೊಂಡಿ ಹಾಕಿ ಕೊಟ್ಟರ ನಾ ನೇಯ್ತೇನ್ರಿ. ಇಲ್ಲಂದ್ರ ಸುಮ್ಮ ಕುಂಡರ್ತೇನಿ."

ಕಾಕು ಗೋಡೆಯನ್ನೂ ನೋಡಲಿಲ್ಲ, ಬಂದವರನ್ನೂ ನೋಡಲಿಲ್ಲ. ಅರ್ಧ ತುಂಬಿದ ಕೊಡವನ್ನು ನಳದಡಿಯಲ್ಲೇ ಬಿಟ್ಟು ಕೈ ಒರೆಸಿಕೊಂಡರು.

"ಕೊಡ ತುಂಬಿಸ್ಕೊಂಡ ಬರ್ರಿ," ಎಂದರು ಗಂಡನಿಗೆ. "ನಾ ಕೊಂಡಿಗೆ ಕುಂಡರ್ತೇನಿ."