ದೋಣಿಗೆ ಮೆತ್ತೆ ಹೊಲಿದ ಪಾಷಾ ಸಾಹೇಬರು

ಶಿವಾಜಿನಗರದ ಅಹ್ಮದ್ ಪಾಷಾ ಸಾಹೇಬರು ನಲವತ್ತು ವರ್ಷದಿಂದ ಕಾರು, ಸೋಫಾಗಳ ಸೀಟು ಹೊಲಿಯುವವರು. ಗಿರಾಕಿಯ ಮಾತನ್ನು ಒಂದು ದಿನವೂ ಪೂರ್ತಿ ಕೇಳಿಸಿಕೊಂಡವರಲ್ಲ. ಕುಕ್ ಟೌನಿನ ಭಾರ್ಗವ್ ಹಳೆಯ ಹಾಯಿದೋಣಿಯೊಂದನ್ನು ಕೊಂಡು, ಕಾರವಾರಕ್ಕೆ ಸಾಗಿಸುವ ಮುಂಚೆ ಅದರ ಕ್ಯಾಬಿನ್ನಿಗೆ ಹೊಸ ಲುಕ್ ಬೇಕೆಂದು ಕರೆಸಿದಾಗಲೂ ಅಷ್ಟೇ. "ಗೋಡೆಗೆಲ್ಲ ಬಿಳೀ ಮೈಕಾ ಅಂಟಿಸಿ" ಅಂದರೆ, "ಇಷ್ಟು ಒಳ್ಳೇ ತೇಗದ ಮರದ ಮುಖಕ್ಕೆ ಪ್ಲಾಸ್ಟಿಕ್ಕಾ?" ಎಂದು ಗದರಿ, ಹಳೆಯ ಹಲಗೆಗಳನ್ನೇ ಉಜ್ಜಿಸಿ ಪಾಲಿಶ್ ಹಾಕಿಸಿದರು. ಅಳತೆಗೆ ಅವರು ಟೇಪು ನಂಬುವುದಿಲ್ಲ; ತಾವೇ ಬೆಂಚಿನ ಮೇಲೆ ಮಲಗಿ, ಅತ್ತಿತ್ತ ಹೊರಳಿ, ಮೊಳಕೈ ತಾಗಿದ ಕಡೆ ಸೀಮೆಸುಣ್ಣದಲ್ಲಿ ಗೀಟೆಳೆಯುತ್ತಾರೆ. ಫೋಮ್ ಮಾರುವವನನ್ನಂತೂ ನಂಬುವುದೇ ಇಲ್ಲ. ಒಂದೊಂದು ತುಂಡನ್ನೂ ನೀರಿನ ಡ್ರಮ್ಮಿಗೆ ಹಾಕಿ, ಮೇಲೊಂದು ಇಟ್ಟಿಗೆ ಹೇರಿ, ತಾವು ಮಧ್ಯಾಹ್ನದ ನಮಾಜು ಮುಗಿಸಿ ಬರುವಾಗಲೂ ಅದು ತೇಲುತ್ತಿದ್ದರೆ ಮಾತ್ರ ಕತ್ತರಿ ಮುಟ್ಟಿದರು. ಕೊನೆಗೆ ನೀಲಿ ಮೆತ್ತೆಗಳು ಬಂದವು. ಪ್ರತಿಯೊಂದರ ಅಡಿಯಲ್ಲೂ ಕೈ ತೂರುವಂಥ ಎರಡು ಗಟ್ಟಿ ಪಟ್ಟಿ, ಸಾಹೇಬರು ತಾವೇ ಜೋತುಬಿದ್ದು ಪರೀಕ್ಷಿಸಿದ್ದು. "ಇವು ಲುಕ್ ಕೆಡಿಸ್ತವೆ ಸಾಹೇಬ್ರೇ, ಕತ್ತರಿಸ್ಬಿಡಿ" ಅಂದ ಭಾರ್ಗವ್. "ಅಲ್ಲಾ, ನೀವು ಸಮುದ್ರ ನೋಡಿದೀರಾ?" ಎಂದೂ ಕೆಣಕಿದ. ಸಾಹೇಬರು ಕತ್ತರಿಯನ್ನು ಜೇಬಿಗಿಳಿಸಿದರು. "ಹಲಸೂರು ಕೆರೆ ಬಿಟ್ರೆ ಬೇರೆ ನೀರೇ ನೋಡಿಲ್ಲ ರೀ. ಆದ್ರೆ ದೋಣಿ ಮುಳುಗಿದ್ರೆ ನೀವು ಲುಕ್ ಹಿಡ್ಕೊಂಡು ತೇಲ್ತೀರಾ?"