ಪೀರನವಾಡಿ ದಾಟಿದ ಅಪ್ಪ

ಆ ದಿನಗಳಲ್ಲಿ ಖಾನಾಪುರದ ನಮ್ಮ ಓಣಿಯ ಮಕ್ಕಳಿಗೆ ಇಂಗ್ಲಿಷ್ ಒಂದು ಆಟವಾಗಿತ್ತು. ಹಾಗಂತ ನೆನಪಿದೆ, ಪೂರ್ತಿ ನಂಬಬೇಡಿ. ಟ್ಯೂಷನ್ ಅಕ್ಕೋರ ಪಡಸಾಲೆಯಲ್ಲಿ ಚಾಪೆ ಹಾಸಿರುತ್ತಿತ್ತು, ಒಳಗಿನಿಂದ ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ಬರುತ್ತಿತ್ತು. ಅಕ್ಕೋರು ಒಬ್ಬರನ್ನು ನಡುವೆ ನಿಲ್ಲಿಸಿ ಏನಾದರೂ ಮಾಡಿಸುವರು. ಉಳಿದವರು ಅದನ್ನು ಇಂಗ್ಲಿಷಿನಲ್ಲಿ ಕೂಗಬೇಕು. ನಾನು ಕಸಬರಿಗೆ ಆಡಿಸಿದರೆ "ಶಿ ಈಸ್ ಸ್ವೀಪಿಂಗ್!" ಮೂಲೆಗಿಟ್ಟು ಕೂತರೆ "ಶಿ ಸ್ವೀಪ್ಸ್ ಎವ್ರಿ ಡೇ!"

"ಕಣ್ಣ ಮುಂದ ನಡದಿದ್ರ ಇಂಗ್ ಹಚ್ರಿ," ಅನ್ನುತ್ತಿದ್ದರು ಅಕ್ಕೋರು. "ದಿನಾ ನಡಿಯೂದಕ್ಕ ಬ್ಯಾಡ. ಮೊದಲ ನೋಡ್ರಿ, ಆಮ್ಯಾಲೆ ಬಾಯಿ ತಗೀರಿ."

ನನಗದು ಬರೀ ಆಟವಾಗಿರಲಿಲ್ಲ. ಬೆಳಗಾವಿಯ ಟಿಳಕವಾಡಿಯ ಒಂದು ಇಂಗ್ಲಿಷ್ ಸಾಲಿಯಲ್ಲಿ ನನಗೆ ಸಂದರ್ಶನವಿತ್ತು. ಗೋವಾದ ಹೋಟೆಲೊಂದರಲ್ಲಿ ಅಡಿಗೆಗಿದ್ದ ಅಪ್ಪ ಫೋನಿನಲ್ಲಿ ಮಾತು ಕೊಟ್ಟಿದ್ದ: "ಸುಮಿಗೆ ಸೀಟ್ ಸಿಗಲಿ. ಗೋವಾ ಬಿಟ್ಟು ಬರ್ತೀನಿ. ಬೆಳಗಾವ್ಯಾಗ ಮನಿ ಮಾಡಿ ಕೂಡಿ ಇರೂಣು." ಅಂದರೆ ಸೀಟು ಸಿಕ್ಕರೆ ಅಪ್ಪ ಸಿಕ್ಕಂತೆ. ಆದರೆ ಸಂದರ್ಶನಕ್ಕೆ ತಂದೆ ತಾಯಿ ಇಬ್ಬರೂ ಬರಲೇಬೇಕೆಂದು ಸಾಲಿಯವರ ನಿಯಮ.

ಹಿಂದಿನ ಸಂಜೆ ಅವ್ವ ರೊಟ್ಟಿ ಬಡಿಯುತ್ತ ಕೇಳಿದಳು. "ಸುಮೀ, ಅವರು ಬರಾಕತ್ತಾರ ಅನ್ನೂದಕ್ಕ ಏನಂತಾರ?"

"ಹಿ ಈಸ್ ಕಮಿಂಗ್."

"ಅಷ್ಟುದ್ದ ಯಾಕ? ಸಣ್ಣದು ಇನ್ನೊಂದ ಅಂತಿದ್ದೆಲ್ಲ."

"ಹಿ ಕಮ್ಸ್. ಅದು ದಿನಾ ಬರೋರಿಗವ್ವಾ."

ಅವ್ವ ರೊಟ್ಟಿ ಮಗುಚಿದಳು. "ಉದ್ದಂದ ಇರಲಿ ಬಿಡು," ಅಂದಳು.

ಮರುದಿನ ಮಳೆಯಿತ್ತು ಎಂದು ಬರೆಯಲು ಕೈ ತುಡಿಯುತ್ತದೆ. ಮಳೆ ಇರಲಿಲ್ಲ. ಎಪ್ರಿಲ್ ಬಿಸಿಲು, ಸಾಲಿಯ ವರಾಂಡದಲ್ಲಿ ಫಿನಾಯಿಲ್ ವಾಸನೆ, ಇಸ್ತ್ರಿ ಅಂಗಿಯ ಅಪ್ಪಂದಿರು. ಅವ್ವನ ಚೀಲದಲ್ಲಿ ಚಪಾತಿ, ಶೇಂಗಾ ಚಟ್ನಿ ಇದ್ದವು. ಅಪ್ಪ ಬಂದ ಮೇಲೆ ಮೂವರೂ ಕೂಡಿ ತಿನ್ನುವುದೆಂದು ಡಬ್ಬಿಯನ್ನು ಮುಟ್ಟಲಿಲ್ಲ. ಅವ್ವ ಫೋನ್ ಹಚ್ಚಿದಾಗೊಮ್ಮೆ ಅಪ್ಪ ಒಂದೊಂದು ಊರು ದಾಟುತ್ತಿದ್ದ. ಲೋಂಡಾ ದಾಟಿದ. ಖಾನಾಪುರ ದಾಟಿದ. ಕಡೆಗೆ ಅವ್ವ ಫೋನನ್ನು ನನ್ನ ಕಿವಿಗೆ ಹಿಡಿದಳು.

"ಪೀರನವಾಡಿ ದಾಟೇನವ್ವಾ ಸುಮೀ. ಇನ್ನೇನ್ ಬಂದ ಬಿಟ್ಟೆ."

ಅವನ ದನಿಯ ಹಿಂದೆ ತಾಟುಗಳು ಧಡಧಡ ಬೀಳುತ್ತಿದ್ದವು. ನಲ್ಲಿ ಸುರಿಯುತ್ತಿತ್ತು. ಯಾರೋ ಕೊಂಕಣಿಯಲ್ಲಿ ಮೀನಿನ ಊಟಕ್ಕೆ ಕೂಗುತ್ತಿದ್ದರು.

"ಎಲ್ಲಿದ್ದಾರಂತ?" ಅಂದಳು ಅವ್ವ.

"ಪೀರನವಾಡಿ."

ನಮ್ಮ ಸರದಿ ಬಂತು. ನನ್ನನ್ನು ಕೇಳಿದ್ದಕ್ಕೆಲ್ಲ ಉತ್ತರ ಹೇಳಿದೆನಂತೆ, ಒಂದೂ ನೆನಪಿಲ್ಲ. ಆಮೇಲೆ ಮೇಡಮ್ ಅವ್ವನ ಕಡೆ ತಿರುಗಿ "ಫಾದರ್?" ಅಂದರು. ಅವ್ವ ಕುರ್ಚಿಯಿಂದ ಎದ್ದು, ಸೆರಗು ಸರಿಮಾಡಿಕೊಂಡು, "ಹಿ ಈಸ್ ಕಮಿಂಗ್" ಅಂದಳು. ಒಂದೂ ತಪ್ಪಿಲ್ಲ. ಮೇಡಮ್ ಖುಷಿಯಾಗಿ ಇಂಗ್ಲಿಷಿನಲ್ಲೇ ಇನ್ನೇನೋ ಕೇಳಿದರು. ಅವ್ವ ನನ್ನ ಮುಖ ನೋಡಿದಳು, ಬಾಗಿಲ ಕಡೆ ನೋಡಿದಳು.

"ಹಿ ಈಸ್ ಕಮಿಂಗ್ ರೀ."

ಮೇಡಮ್ ನಗಲಿಲ್ಲ. ನಕ್ಕಿದ್ದರೆ ಚಲೋ ಇತ್ತು. "ಆಫೀಸ್ ಮುಚ್ಚೋತನಕ ನೋಡ್ತೀವ್ರಿ," ಅಂದರು ಮೆಲ್ಲಗೆ. "ಆಮ್ಯಾಲೆ ಸೀಟ್ ಮುಂದಿನವರಿಗೆ ಹೋಗ್ತದ."

ನಾವು ಗೇಟಿನ ಬಾಜು ನಿಂತೆವು. ಆಟೋ ಬಂದಾಗೊಮ್ಮೆ ಅವ್ವನ ಹೆಜ್ಜೆ ಮುಂದೆ ಹೋಗಿ ಹಿಂದೆ ಬರುತ್ತಿತ್ತು. ನಾನು ಅಕ್ಕೋರು ಹೇಳಿದಂತೆ ಕಂಡದ್ದನ್ನು ಕಂಡ ಹಾಗೆ ಬಾಯೊಳಗೇ ಹೇಳುತ್ತಿದ್ದೆ. ಎ ಮ್ಯಾನ್ ಈಸ್ ಕಮಿಂಗ್. ಹಿ ಈಸ್ ಗೋಯಿಂಗ್. ಅನದರ್ ಮ್ಯಾನ್ ಈಸ್ ಕಮಿಂಗ್. ನಿಲ್ಲಿಸಿದರೆ ರಸ್ತೆ ಖಾಲಿಯಾದೀತೆಂದು ಭಯ.

ಗುಮಾಸ್ತರು ಕೀಲಿ ಹಿಡಿದು ಬಂದರು. "ತಾಯಿ, ಸಣ್ಣ ಹುಡುಗಿ ಐತಿ. ಬೆಳಕಿದ್ದಾಗ ಬಸ್ ಹಿಡೀರಿ."

"ಖರೇನ ಹೇಳ್ತೀನ್ರಿ ಸರ್ರ, ಪೀರನವಾಡಿ ದಾಟ್ಯಾರ್ರಿ." ಅವ್ವ ಗೇಟಿನ ಚಿಲಕ ಹಿಡಿದುಕೊಂಡಳು. "ಕೀಲಿ ಹಾಕಬ್ಯಾಡ್ರಿ. ನಿಮ್ಮ ಕಾಲ ಬೀಳ್ತೀನಿ."

ಅವರು ಅವ್ವನ ಬೆರಳು ಬಿಡಿಸಿದರೋ, ಅವಳೇ ಬಿಟ್ಟಳೋ. ಎರಡೂ ನನ್ನ ಕಣ್ಣಿಗೆ ಕಟ್ಟಿವೆ, ಎರಡೂ ನಿಜವಿರಲಾರವು. ಅನುಮಾನವಿಲ್ಲದ್ದು ಇದೊಂದೇ: ವಾಪಸ್ಸು ಬರುವಾಗ ಬಸ್ಸು ಪೀರನವಾಡಿಯಲ್ಲಿ ನಿಂತಿತು. ಅವ್ವ ಸೀಟಿನಿಂದ ಎದ್ದು, ಕಿಟಕಿಯ ಸರಳಿಗೆ ಹಣೆ ಒತ್ತಿ, ಎದುರಿನಿಂದ ಬರುವ ಬಸ್ಸುಗಳ ಒಳಗೆಲ್ಲ ಹುಡುಕಿದಳು. ಡಬ್ಬಿ ನನ್ನ ತೊಡೆಯ ಮೇಲೆ ಹಾಗೇ ಇತ್ತು.

ಅಪ್ಪ ಆಮೇಲೂ ಕೆಲ ವರ್ಷ ಫೋನಿನಲ್ಲಿ ಬರುತ್ತಲೇ ಇದ್ದ. ಹಬ್ಬಕ್ಕೆ ಬರಾಕತ್ತೀನಿ, ಸಾಲಿ ಸೂಟಿಗೆ ಬರಾಕತ್ತೀನಿ. ಬರಬರುತ್ತ ಅದೂ ಕಡಿಮೆಯಾಯಿತು. ಈಗ ಆ ನಂಬರಿಗೆ ಹಚ್ಚಿದರೆ ಯಾರೋ ಬೇರೆಯವರು ಎತ್ತುತ್ತಾರೆ. ಪೀರನವಾಡಿ ಬೆಳೆದು ಎಲ್ಲಿ ಶುರು, ಎಲ್ಲಿ ಮುಗಿಯಿತು ತಿಳಿಯುವುದಿಲ್ಲ. ಕೆಲಸಕ್ಕೆ ಬೆಳಗಾವಿಗೆ ಹೋಗುವ ನಾನು ದಿನಾ ಅದನ್ನು ದಾಟುತ್ತೇನೆ.

ಮೊನ್ನೆ ಊಟಕ್ಕೆ ಕೂತಾಗ ಅವ್ವನ ಮುಂದೆ ಆ ತಾಟುಗಳ ಸಪ್ಪಳದ ಮಾತು ತೆಗೆದೆ.

"ನನಗೂ ಕೇಳಿತ್ತು," ಅಂದಳು ಅವ್ವ, ನನ್ನ ತಾಟಿಗೆ ರೊಟ್ಟಿ ಹಾಕುತ್ತ. "ಕೇಳಿದ್ರ ಏನಾತು? ಬರಾಕತ್ತೀನಿ ಅನ್ನಾಕಾದ್ರೂ ಒಬ್ಬಾಂವ ಇದ್ನಲ್ಲ ಆಗ."