ಐವತ್ತೈದೂವರೆ ನೀರಿನ ಹೂವಪ್ಪ

ಬೆಳಿಗ್ಗೆ ಆರೂವರೆ. ಆನವಟ್ಟಿಯ ಖಾಸಗಿ ಪಿಯು ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನ ಬೀಗ ತೆಗೆಯುವ ಮೊದಲು ಹೂವಪ್ಪ ಬಾಗಿಲ ಸಂದಿಗೆ ಮೂಗಿಟ್ಟು ಮೂಸುತ್ತಾರೆ. ಆಸಿಡ್ಡು ಸೋರಿದ್ದರೆ ಅವರ ಮೂಗಿಗೆ ಅಲ್ಲೇ ಗೊತ್ತು. ಇವತ್ತು ಸೋರಿಲ್ಲ. ಒಳಗೆ ಹೋಗಿ ನೀರು ಕುದಿಸುವ ಯಂತ್ರದ ಸ್ವಿಚ್ಚು ಹಾಕಿ, ಆವಿ ತಣಿದು ತೊಟ್ಟಿಕ್ಕುವ ಶುದ್ಧ ನೀರಿಗೆ ಕ್ಯಾನು ಒಡ್ಡುತ್ತಾರೆ.

ತಾಳಗುಂದದಿಂದ ಮೊಪೆಡ್ಡಿನಲ್ಲಿ ಬರುವ ಹೂವಪ್ಪನಿಗೆ ಈಗ ಐವತ್ತೆಂಟು. ಇಪ್ಪತ್ತೆರಡು ವರ್ಷದಿಂದ ಲ್ಯಾಬ್ ಅಟೆಂಡರ್, ಅಷ್ಟೂ ವರ್ಷ ತಾತ್ಕಾಲಿಕ. ಪ್ರತಿ ಜೂನ್‌ನಲ್ಲಿ ಹೊಸ ಆರ್ಡರ್ ಬಂದರೆ ಕೆಲಸ, ಇಲ್ಲದಿದ್ದರೆ ಮನೆ. ದಿನಕ್ಕೆ ಹತ್ತು ಲೀಟರ್ ನೀರು ಇಳಿಸಬೇಕು, ನೂರಿಪ್ಪತ್ತು ಗಾಜಿನ ನಳಿಗೆ ತೊಳೆಯಬೇಕು. ದ್ರಾವಣ ಹೀರಿ ಅಳೆಯುವ ಪಿಪೆಟ್ಟುಗಳು ವರ್ಷಕ್ಕೆ ಮೂವತ್ತು ಒಡೆಯುತ್ತವೆ. "ಅದ್ರಾಗೆ ಇಪ್ಪತ್ತೆಂಟು ತಾವಾಗೇ ಒಡೀತವ್ರಿ, ಯಾವ ಹುಡುಗ್ರೂ ಮುಟ್ಟಿರಲ್ಲ!" ಎಂದು ಅವರು ನಗುತ್ತಾರೆ.

ಹತ್ತನೇ ತರಗತಿಯ ಗಣಿತ ಅವರನ್ನು ಮೂರು ಸಲ ಕೆಡವಿದೆ. ಆದರೆ ಉಪನ್ಯಾಸಕಿ ಚೈತ್ರಶ್ರೀ ಅವರ ಪಾಠವನ್ನು ಬಾಗಿಲ ಹಿಂದೆ ನಿಂತು ಕೇಳಿ ಕೇಳಿ, ಮೊಲಾರಿಟಿ ಎಂದರೆ ಒಂದು ಲೀಟರಿನಲ್ಲಿ ಎಷ್ಟು ಮೋಲ್ ಎಂಬುದು ಅವರಿಗೆ ಬಾಯಿಪಾಠ. ಆ ಜ್ಞಾನವೇ ಕಳೆದ ಫೆಬ್ರವರಿಯಲ್ಲಿ ಅವರ ಅನ್ನಕ್ಕೆ ಕಲ್ಲು ಹಾಕಲು ಹೊರಟಿತ್ತು.

ಆಗಿದ್ದು ಇಷ್ಟು. ಕಾಲೇಜಿನ ಕಾರ್ಯದರ್ಶಿ ತೀರ್ಥೇಶ್ ಅಕ್ಕಿ ಗಿರಣಿಯ ಮಾಲೀಕರು. ಗಿರಣಿಯಲ್ಲಿ ಪ್ರತಿ ಚೀಲಕ್ಕೂ ಚೀಟಿ ಇರುವಂತೆ ಲ್ಯಾಬಿನ ಪ್ರತಿ ಬಾಟಲಿಗೂ ಹೆಸರು, ಮೊಲಾರಿಟಿ ಬರೆದು ಅಂಟಿಸಬೇಕೆಂದು ಅವರ ಹುಕುಂ. ಹೂವಪ್ಪ ಎಲ್ಲಕ್ಕೂ ಅಂಟಿಸಿದರು, ನೀರಿನ ಕ್ಯಾನನ್ನೂ ಬಿಡಲಿಲ್ಲ. ಪರಿಶೀಲನೆಗೆ ಬಂದ ತೀರ್ಥೇಶ್ ಹೊಗೆಯಾಡುವ ಆಸಿಡ್ಡಿನ ಮೇಲೆ 'ಹನ್ನೆರಡು' ಎಂದು ಓದಿ ಒಂದು ಹೆಜ್ಜೆ ಹಿಂದೆ ಸರಿದರು. ಪಕ್ಕದ ಕ್ಯಾನಿನ ಮೇಲೆ 'ನೀರು, ಐವತ್ತೈದೂವರೆ' ಎಂದು ಕಂಡಾಗ ಸೀದಾ ಕಾರಿಡಾರಿಗೇ ಹೋಗಿ ನಿಂತರು.

"ಹನ್ನೆರಡಕ್ಕೇ ಹೊಗೆ ಬರ್ತೈತಿ, ಐವತ್ತೈದಂದ್ರೆ ಕಾಲೇಜೇ ಹಾರಿಹೋಗ್ತೈತಲ್ಲೋ! ಮಕ್ಳನ್ನ ಹೊರಗೆ ಕಳಿಸ್ರಿ!"

ಮಕ್ಕಳು ಸಂತೋಷದಿಂದ ಓಡಿದರು. ಬರೀ ನೀರೇ ಎಂದು ಖಾತ್ರಿಯಾದ ಮೇಲೆ ತೀರ್ಥೇಶರ ಸಿಟ್ಟು ಇನ್ನೂ ಏರಿತು. "ಬರೀ ನೀರಾಗೆ ಏನೂ ಕರಗಿಲ್ಲ ಅಂದ್ಮೇಲೆ ಸೊನ್ನೆ ಅಲ್ಲೇನೋ? ತಮಾಷೆ ಮಾಡ್ತೀಯಾ? ಜೂನ್‌ಗೆ ನಿನ್ನ ಆರ್ಡರ್ ಇಲ್ಲ!"

ಹೂವಪ್ಪ ಕ್ಯಾನನ್ನು ಮುಂದಕ್ಕೆ ಸರಿಸಿದರು. "ಸಾಹೇಬ್ರೇ, ನಿಮ್ಮ ಅಕ್ಕಿ ಮೂಟೆಯಾಗೆ ಕಲ್ಲಿಲ್ಲ, ಹೊಟ್ಟಿಲ್ಲ, ಬರೀ ಅಕ್ಕಿ ಐತಿ. ಹಂಗಂತ ಅಕ್ಕಿ ಸೊನ್ನೆ ಅಂತೀರೇನ್ರಿ?"

"ಯಾವನೋ ಅನ್ನೋನು? ತುಂಬಿ ತುಳುಕ್ತಿರ್ತೈತಿ."

"ಇದೂ ಹಂಗೇ ರೀ. ನೀವು ಕಾಳು ಎಣಿಸಲ್ಲ, ಚೀಲ ಎಣಿಸ್ತೀರಿ. ಮೋಲ್ ಅಂದ್ರೆ ನೀರಿನ ಕಣ ತುಂಬಿದ ಸಣ್ಣ ಚೀಲ. ಒಂದು ಚೀಲ ಹದಿನೆಂಟು ಗ್ರಾಂ. ಲೀಟರ್ ನೀರು ಸಾವಿರ ಗ್ರಾಂ. ಎಷ್ಟು ಚೀಲ ಆತು?"

ಚೀಲದ ಲೆಕ್ಕ ಎಂದರೆ ತೀರ್ಥೇಶರ ಬೆರಳು ಸುಮ್ಮನಿರದು. ಫೋನಿನಲ್ಲಿ ಭಾಗಿಸಿ ನೋಡಿದರು. ಐವತ್ತೈದೂವರೆ ದಾಟಿ ಚಿಲ್ಲರೆ. ಅಷ್ಟರಲ್ಲಿ ಹೂವಪ್ಪ ಕ್ಯಾನಿನಿಂದ ತಮ್ಮ ಚಹಾ ಲೋಟಕ್ಕೆ ಬಗ್ಗಿಸಿಕೊಂಡು ಗಟಗಟ ಕುಡಿದರು. ನಂಬರು ದೊಡ್ಡದಾದ ಮಾತ್ರಕ್ಕೆ ಎಲ್ಲವೂ ಸುಡುವುದಿಲ್ಲ ಎಂದು ತೋರಿಸಲು ಅವರಿಗೆ ಬೇರೆ ದಾರಿ ಹೊಳೆಯಲಿಲ್ಲ. ತೀರ್ಥೇಶ್ ಬೆವರು ಒರೆಸಿಕೊಂಡು, "ನಂಗೂ ಒಂದು ಲೋಟ ಕೊಡೋ" ಎಂದರು.

ಜೂನ್‌ನಲ್ಲಿ ಆರ್ಡರ್ ಬಂದಿದೆ. "ನಾನು ಪಾಠ ಹೇಳಿದಾಗ ಶುದ್ಧ ನೀರಿನ ಮೊಲಾರಿಟಿ ಸೊನ್ನೆ ಅಂತ ಬರೀತಿದ್ದ ಮಕ್ಳು, ಈಗ ಹೂವಪ್ಪಣ್ಣನ ಅಕ್ಕಿ ಮೂಟೆ ನೆನೆಸ್ಕೊಂಡು ಸರಿ ಬರೀತಾರೆ. ನಂಗೆ ಸ್ವಲ್ಪ ಹೊಟ್ಟೆಕಿಚ್ಚೇ" ಎನ್ನುತ್ತಾರೆ ಚೈತ್ರಶ್ರೀ.

ಎರಡು ವರ್ಷದಲ್ಲಿ ನಿವೃತ್ತಿ. ಆಸೆ ಏನಾದರೂ ಇದೆಯೇ ಎಂದರೆ ಹೂವಪ್ಪ ತುಂಬಿದ ಕ್ಯಾನಿನ ಚೀಟಿಯನ್ನು ಹೆಬ್ಬೆರಳಿನಿಂದ ಒತ್ತಿ ಅಂಟಿಸುತ್ತಾರೆ.

"ನಾನು ಹೋದ್ಮೇಲೂ ಇದನ್ನ ಕೀಳಬಾರ್ದು ರೀ, ಅಷ್ಟೇ. ಲೆಕ್ಕದ ಪೇಪರಿನಾಗೆ ಸೊನ್ನೆ ತಗಂಡೇ ಬಂದೋನು ನಾನು. ಸೊನ್ನೆ ಅಲ್ಲ ಅಂತ ಸಾಧಿಸಿದ್ದು ಇದೊಂದೇ."